ನಾನೂರ ಹನ್ನೆರಡು ಬಾಯಿ

ಇದನ್ನು ನಾನು ಸೇತುವೆಯ ಆಚೆ, ಲಾರಿಯವರು ಬಂದು ಕೂರುವ ಟೀ ಅಂಗಡಿಯ ಬೆಂಚಿನ ಮೇಲೆ ಬರೆಯುತ್ತಿದ್ದೇನೆ. ಊರೊಳಗೆ ಬರೆಯೋಣವೆಂದರೆ ಶಾಯಿ ಕಾಗದಕ್ಕೆ ಹಿಡಿಯುವುದಿಲ್ಲ. ಮಾತಾಡೋಣವೆಂದರೆ ಬಾಯಿ ತೆರೆಯುತ್ತದೆ, ಸದ್ದು ಬರುವುದಿಲ್ಲ. ಹೌದು ಅಲ್ಲ ಎಂದು ತಲೆಯಾಡಿಸಲು ಹೋದರೆ ಕತ್ತು ಬಿಗಿದುಕೊಳ್ಳುತ್ತದೆ. ಇಲ್ಲಿ ಬರೆದದ್ದನ್ನು ಒಳಗೆ ಒಯ್ದರೆ ಹಾಳೆ ಬೆಳ್ಳಗಾಗುತ್ತದೆ, ಇಲ್ಲಿ ಕೇಳಿಸಿಕೊಂಡವರು ಸೇತುವೆ ದಾಟಿದ ಕೂಡಲೇ ಮರೆಯುತ್ತಾರೆ. ಹಸಿರು ಸ್ಟವ್ವಿನ ವಿಷಯ ಒಂದನ್ನು ಬಿಟ್ಟು ಊರಲ್ಲಿ ಬೇರೆ ಏನನ್ನು ಬೇಕಾದರೂ ಮಾತಾಡಬಹುದು. ನನಗೆ ಬೇರೆ ಏನೂ ಬೇಕಾಗಿಲ್ಲ.

ನನ್ನ ಹೆಸರು ವೀರಾಚಾರಿ. ಮೂವತ್ತು ವರ್ಷದಿಂದ ಸ್ಟವ್ ರಿಪೇರಿ ನನ್ನ ಕಸುಬು. ಬರ್ನರ್ ಕಟ್ಟಿಕೊಂಡರೆ ಪಿನ್ನು ಹಾಕಿ ಬಿಡಿಸುವುದು, ಪಂಪಿನ ಚರ್ಮದ ವಾಷರಿಗೆ ಎಣ್ಣೆ ಹಚ್ಚುವುದು, ಸೋರುವ ಟ್ಯಾಂಕಿಗೆ ಬೆಸುಗೆ ಹಾಕುವುದು. ಬಿಚ್ಚಿ ನೋಡಿದರೆ ತಪ್ಪು ಎಲ್ಲಿದೆ ಎಂದು ಕಾಣುವ ವಸ್ತುಗಳ ಜೊತೆ ಬಾಳಿದವನು ನಾನು. ಕೋರ್ಟು ಕಚೇರಿಯ ವಿಷಯದಲ್ಲಿ ನನ್ನ ಬುದ್ಧಿ ಓಡದೆ ಹೋದದ್ದಕ್ಕೆ ಇದೂ ಒಂದು ಕಾರಣ ಎಂದು ಸಮಾಧಾನ ಹೇಳಿಕೊಳ್ಳುತ್ತೇನೆ. ಸಮಾಧಾನ ಆಗುವುದಿಲ್ಲ, ಆ ಮಾತು ಬೇರೆ.

ನಮ್ಮೂರ ಕೋರ್ಟಿನ ಪದ್ಧತಿ ಹೀಗಿದೆ. ಒಬ್ಬನೇ ದಾವೆ ಹೂಡಿದರೆ ಅವನ ಮಾತು ಅವನ ಹತ್ತಿರವೇ ಇರುತ್ತದೆ. ಹಲವರು ಸೇರಿ ಒಂದೇ ದಾವೆ ಹೂಡುವುದಾದರೆ ಎಲ್ಲರೂ ಕೋರ್ಟಿನ ಉದ್ದನೆಯ ಬಿಳಿ ಬಟ್ಟೆಯ ಮೇಲೆ ಹೆಬ್ಬೆಟ್ಟು ಒತ್ತಬೇಕು. ಒತ್ತಿದ ಗಳಿಗೆಯಿಂದ ಆ ವಿಷಯದ ಮಾತು ಅವರ ಬಾಯಿ ಬಿಟ್ಟು, ಅವರು ಆರಿಸಿದ ಒಬ್ಬನ ಬಾಯಿಗೆ ಹೋಗುತ್ತದೆ. ಅವನನ್ನು ಬಾಯಾಳು ಎನ್ನುತ್ತಾರೆ. ಎಲ್ಲರ ಪರವಾಗಿ ಅವನೇ ಹೇಳಬೇಕು, ಒಪ್ಪಬೇಕು, ಬೇಡವೆನ್ನಬೇಕು. ತೀರ್ಪು ಬಂದರೆ, ಗೆದ್ದರೂ ಸರಿ ಸೋತರೂ ಸರಿ, ಮಾತು ಅವರವರ ಬಾಯಿಗೆ ವಾಪಸು ಬರುತ್ತದೆ. ರಾಜಿಯಾದರೆ ಯಾರ ಬಾಯಿಗೂ ಬರುವುದಿಲ್ಲ, ಬಾಯಾಳಿನ ಬಾಯಲ್ಲಾಗಲಿ ದಾವೆ ನಡೆಸಿದ ವಕೀಲರ, ಕೋರ್ಟಿನವರ ಬಾಯಲ್ಲಾಗಲಿ ಉಳಿಯುವುದೂ ಇಲ್ಲ. ನಮ್ಮಜ್ಜನ ಕಾಲದಲ್ಲಿ ಕಾಲುವೆಯ ದಾವೆಯೊಂದು ರಾಜಿಯಾಯಿತಂತೆ. ಜಗಳ ಏನಿತ್ತು ಎಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಕಾಲುವೆಯೂ ಈಗ ಇಲ್ಲ.

ಹಸಿರು ಸ್ಟವ್ ಬಂದದ್ದು ಏಳು ವರ್ಷದ ಹಿಂದೆ. ಹಳೆಯ ಹಿತ್ತಾಳೆ ಸ್ಟವ್ವಿನ ಅರ್ಧ ಬೆಲೆ, ಟ್ಯಾಂಕಿಗೆ ಗಿಳಿಹಸಿರು ಬಣ್ಣ. ಕಂಪನಿಯವರು ವ್ಯಾನಿನಲ್ಲಿ ಮೈಕು ಕಟ್ಟಿಕೊಂಡು ಬಂದು ಬೀದಿಬೀದಿಯಲ್ಲಿ ಮಾರಿದರು. ಆರು ತಿಂಗಳಲ್ಲಿ ನನ್ನ ಅಂಗಡಿಯ ಮುಂದೆ ಹಸಿರು ಸ್ಟವ್ವುಗಳ ಸಾಲು. ಹೊಗೆ ಕಾರುತ್ತದೆ, ಪಾತ್ರೆಗೆ ಮಸಿ, ಗೋಡೆಗೆ ಮಸಿ, ಉಟ್ಟ ಸೀರೆಗೂ ಮಸಿ. ಬಿಚ್ಚಿ ನೋಡಿದೆ. ಒಳಗೆ ಹಿತ್ತಾಳೆ ಇರಲಿಲ್ಲ, ತೆಳು ತಗಡು. ತಳದ ಬೆಸುಗೆಯನ್ನು ಯಾರೋ ಊಟಕ್ಕೆ ಹೊತ್ತಾಯಿತು ಎನ್ನುವ ಅವಸರದಲ್ಲಿ ಹಾಕಿದ್ದರು. ಒಂದು ಸ್ಟವ್ವನ್ನು ಪರೀಕ್ಷೆ ಮಾಡಲು ಹಚ್ಚಿದಾಗ ಬೆಸುಗೆ ಬಿಟ್ಟು ನನ್ನ ಎಡಗೈ ಮೊಣಕೈವರೆಗೆ ಸುಟ್ಟಿತು. ಆದರೂ ವ್ಯಾಪಾರ ಚೆನ್ನಾಗಿತ್ತು, ಸುಳ್ಳು ಹೇಳಲಾರೆ.

ಆಮೇಲೆ ಇಂದ್ರಾಣಿ ಸತ್ತಳು. ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಕೆಲಸ ಮಾಡುವ ಚೆನ್ನಾಜಮ್ಮನ ಒಬ್ಬಳೇ ಮಗಳು, ಹತ್ತೊಂಬತ್ತು ವರ್ಷ, ಟೈಪಿಂಗ್ ಕಲಿಯುತ್ತಿದ್ದಳು. ಬೆಳಿಗ್ಗೆ ಕಾಫಿಗೆ ನೀರಿಟ್ಟಾಗ ಸ್ಟವ್ ಸಿಡಿಯಿತು. ಹೆಡ್ ಕಾನ್‌ಸ್ಟೇಬಲ್ ಆ ಸ್ಟವ್ವನ್ನು ಗೋಣಿಚೀಲದಲ್ಲಿ ಹಾಕಿಕೊಂಡು ನನ್ನ ಅಂಗಡಿಗೆ ತಂದು, "ನೋಡಿ ಆಚಾರ್ರೆ, ಏನಾಗೈತೆ ಹೇಳಿ" ಅಂದ. ತಳದ ಬೆಸುಗೆ ಒಂದು ಗೇಣು ಬಿಟ್ಟಿತ್ತು. ಗಾಳಿ ಹೆಚ್ಚು ಹೊಡೆದು ಒಡೆದಿದ್ದರೆ ಟ್ಯಾಂಕು ಉಬ್ಬಿರಬೇಕಿತ್ತು, ಉಬ್ಬಿರಲಿಲ್ಲ. ಹುಡುಗಿ ಸೀಮೆಎಣ್ಣೆ ಸುರಿದುಕೊಂಡಿದ್ದರೆ ಮುಚ್ಚಳ ತೆಗೆದಿರಬೇಕಿತ್ತು, ಮುಚ್ಚಳ ಮಸಿ ಹಿಡಿದು ಬಿಗಿಯಾಗಿ ಕೂತಿತ್ತು. ಇದನ್ನೆಲ್ಲ ಹೇಳಿದೆ. ಅವನು "ಸ್ಟವ್ ಬೆಂಕಿಯಿಂದ ಸಾವು" ಎಂದು ಒಂದೇ ಸಾಲು ಬರೆದುಕೊಂಡು ಹೋದ.

ಸ್ಟವ್ ಸಿಡಿದು ಹೆಣ್ಣುಮಗಳು ಸತ್ತಳು ಎಂದರೆ ನಮ್ಮಲ್ಲಿ ಯಾರೂ ಸ್ಟವ್ವಿನ ಬಗ್ಗೆ ಯೋಚಿಸುವುದಿಲ್ಲ. ಅದಕ್ಕೆ ಒಂದು ತಿಂಗಳ ಹಿಂದೆ ಇಂದ್ರಾಣಿಯ ಮದುವೆ ಮಾತು ಮುರಿದಿತ್ತು, ಗಂಡಿನ ಕಡೆಯವರು ಬೇರೆ ಕಡೆ ನೋಡಿಕೊಂಡಿದ್ದರು. ಅಷ್ಟು ಸಾಕಾಯಿತು. ನಲ್ಲಿಯ ಹತ್ತಿರ ಕೊಡ ತುಂಬುವಷ್ಟರಲ್ಲಿ ಕಥೆ ತಯಾರಾಯಿತು, ಸಂಜೆಯೊಳಗೆ ಹುಡುಗಿ ಬರೆದಿಟ್ಟಳು ಎನ್ನುವ ಚೀಟಿಯೂ ಸೇರಿಕೊಂಡಿತು. ಅವಳು ಯಾವ ಚೀಟಿಯನ್ನೂ ಬರೆದಿರಲಿಲ್ಲ.

ದಾವೆಯ ಮಾತು ಎತ್ತಿದವರು ವಕೀಲ ತಿರುಮಲಯ್ಯನವರು. ಅವರ ಮನೆಯಲ್ಲೂ ಹಸಿರು ಸ್ಟವ್ ಇತ್ತು. ರಿಪೇರಿಗೆ ತಂದವರು ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತರು.

"ನೋಡಿ ಆಚಾರ್ರೆ, ಸೀರೆಗೆ ಮಸಿ ಹಿಡೀತು ಅಂತ ಯಾವ ಹೆಂಗಸು ಕೋರ್ಟಿಗೆ ಹೋಗ್ತಾಳೆ? ಸೀರೆಗಿಂತ ನನ್ನ ಫೀಸು ಜಾಸ್ತಿ. ಇದು ಕಂಪನಿಗೂ ಗೊತ್ತು. ಅದಕ್ಕೇ ಅಷ್ಟು ಧೈರ್ಯವಾಗಿ ಕೆಟ್ಟ ಸಾಮಾನು ಮಾರ್ತಾರೆ. ಒಬ್ಬೊಬ್ಬರಾಗಿ ಹೋದ್ರೆ ಅವರ ಪಾಲಿಗೆ ನಾವು ಸೊಳ್ಳೆ. ಎಲ್ಲಾ ಸೇರಿದ್ರೆ ಒಬ್ಬ ವಕೀಲ, ಒಂದೇ ಸಾಕ್ಷಿ, ಒಂದೇ ತೀರ್ಪು. ಖರ್ಚು ಹಂಚಿ ಹೋಗುತ್ತೆ. ಎಲ್ಲಾ ಸ್ಟವ್ವಲ್ಲೂ ಒಂದೇ ತಪ್ಪು ಅಂತ ನೀವು ಬಿಚ್ಚಿ ತೋರಿಸಬಹುದು."

"ಇದರಲ್ಲಿ ತೊಂದ್ರೆ ಏನೂ ಇಲ್ವಾ ಸ್ವಾಮಿ?" ಅಂತ ಕೇಳಿದೆ.

ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು. "ಇದೆ. ಎಲ್ಲರ ನೋವನ್ನೂ ಒಂದೇ ತಕ್ಕಡೀಲಿ ಹಾಕ್ತಾರೆ. ಮಸಿ ಹಿಡಿದ ಸೀರೆನೂ ಅದರಲ್ಲೇ, ನಿಮ್ಮ ಸುಟ್ಟ ಕೈಯೂ ಅದರಲ್ಲೇ. ಆಮೇಲೆ ನಂದು ಬೇರೆ ಅಂತ ಯಾರೂ ಹೇಳೋ ಹಾಗಿಲ್ಲ." ತಿರುಮಲಯ್ಯನವರು ಮುಚ್ಚುಮರೆ ಮಾಡಿದರು ಎಂದು ನಾನು ಯಾವತ್ತೂ ದೂರುವುದಿಲ್ಲ. ಹೇಳಬೇಕಾದ್ದನ್ನು ಹೇಳಿದರು, ಕೇಳಿಸಿಕೊಳ್ಳಬೇಕಾದವನು ನಾನು.

ಸ್ಟವ್ವುಗಳ ಒಳಗನ್ನು ನೋಡಿದವನು ನಾನೊಬ್ಬನೇ ಆದ್ದರಿಂದ ನನ್ನನ್ನೇ ಬಾಯಾಳಾಗಿ ಆರಿಸಿದರು. ನನಗೂ ಒಳಗೊಳಗೆ ಹೆಮ್ಮೆಯಾಯಿತು. ಮೂವತ್ತು ವರ್ಷ "ಏನಾಚಾರ್ರೆ, ಇನ್ನೂ ಆಗಿಲ್ವಾ" ಎಂದು ಬಯ್ಯಿಸಿಕೊಂಡವನನ್ನು ಈಗ ಜನ ನಿಂತು ಮಾತಾಡಿಸುತ್ತಿದ್ದರು. ನಾನೂರ ಹನ್ನೊಂದು ಹೆಬ್ಬೆಟ್ಟು ಆಯಿತು. ಬಟ್ಟೆ ನೋಡಿದ ನ್ಯಾಯಾಧೀಶರು, ಅಡುಗೆಮನೆ ಹೊಗೆಗೆಲ್ಲ ಕೋರ್ಟು ಕೂರಿಸಲು ಆಗುವುದಿಲ್ಲ, ಇನ್ನೂ ಗಟ್ಟಿಯಾದದ್ದು ಏನಾದರೂ ಇದೆಯೇ ಎಂದು ಕೇಳಿದರು. ತಿರುಮಲಯ್ಯನವರು ನನ್ನ ಮುಖ ನೋಡಿದರು. ಇಬ್ಬರಿಗೂ ಒಂದೇ ಹೆಸರು ಹೊಳೆದಿತ್ತು. ಮಾರನೆಯ ದಿನ ನಾನು ಹೆರಿಗೆ ಆಸ್ಪತ್ರೆಗೆ ಹೋದೆ.

ಚೆನ್ನಾಜಮ್ಮ ಹಿಂದಿನ ಅಂಗಳದಲ್ಲಿ ಕುದಿಸಿದ ಬಟ್ಟೆಗಳನ್ನು ಹಿಂಡಿ ಹಗ್ಗಕ್ಕೆ ಹಾಕುತ್ತಿದ್ದಳು. ನಾನು ಬಂದ ಕಾರಣ ಅವಳಿಗೆ ಆಗಲೇ ಗೊತ್ತಿತ್ತು.

"ನಾನೊಬ್ಳೇ ಕೇಸು ಹಾಕ್ತೀನಿ ಆಚಾರ್ರೆ. ನನ್ನ ಮಗಳ ಮಾತು ನನ್ನ ಬಾಯಲ್ಲೇ ಇರ್ಲಿ."

"ಒಬ್ಳೇ ಹೋದ್ರೆ ಯಾರು ಕೇಳ್ತಾರವ್ವ? ಅವರು ಪಟ್ಟಣದಿಂದ ನಾಲ್ಕು ಜನ ವಕೀಲರನ್ನ ಕರ್ಕೊಂಡು ಬತ್ತಾರೆ. ನೀನು ಒಂದು ದಿನ ರಜ ಹಾಕಿದ್ರೆ ಸಂಬಳ ಹಿಡೀತಾರೆ. ನಾನೂರು ಜನ ಜೊತೇಲಿದ್ರೆ ಅವರು ಬಗ್ಗಲೇಬೇಕು."

ಅವಳು ಬಟ್ಟೆ ಹಿಂಡುವುದನ್ನು ನಿಲ್ಲಿಸಿದಳು. "ನಂಗೆ ದುಡ್ಡು ಬ್ಯಾಡ, ಸಾಮಾನೂ ಬ್ಯಾಡ. ಸ್ಟವ್ ತಾನಾಗೇ ಒಡೀತು, ಹುಡುಗೀದು ಏನೂ ತಪ್ಪಿಲ್ಲ ಅಂತ ಕಂಪನಿಯೋರು ಎಲ್ರ ಎದುರಿಗೆ ಹೇಳ್ಬೇಕು. ಸಕ್ಕರೆ ಡಬ್ಬಿ ಎಲ್ಲಮ್ಮ ಅಂತ ಕೂಗಿದ್ಲು ಕಣಣ್ಣ. ನಾನು ಹಿತ್ತಲಲ್ಲಿದ್ದೆ. ಗೂಡಲ್ಲೈತೆ ನೋಡು ಅಂದೆ. ಸಾಯೋಳು ಸಕ್ಕರೆ ಕೇಳ್ತಾಳಾ?"

"ಹೇಳಿಸ್ತೀನಿ," ಅಂದೆ. "ಅದನ್ನ ಹೇಳ್ಸದೆ ನಾನು ಬಿಡಲ್ಲ."

ಅವಳು ಒಂದು ವಾರ ಯೋಚಿಸಿ ಬಂದು ಹೆಬ್ಬೆಟ್ಟು ಒತ್ತಿದಳು. ಒತ್ತುತ್ತಾ ಕೋರ್ಟಿನ ಗುಮಾಸ್ತನಿಗೆ ಅದನ್ನೇ ಹೇಳುತ್ತಿದ್ದಳು, ಸಕ್ಕರೆ ಡಬ್ಬಿಯ ವಿಷಯ. ಅರ್ಧದಲ್ಲಿ ಮಾತು ನಿಂತಿತು. ಅದೇ ಗಳಿಗೆಯಲ್ಲಿ ಉಳಿದರ್ಧ ನನ್ನ ನಾಲಗೆಯ ಮೇಲೆ ಬಂದು ಕೂತಿತು, ಅವಳ ದನಿಯ ಏರಿಳಿತದ ಸಮೇತ. ಅವಳು ಎರಡು ಸಲ ಬಾಯಿ ತೆರೆದು ಮುಚ್ಚಿ, ಸೆರಗಿನಿಂದ ಹೆಬ್ಬೆಟ್ಟು ಒರೆಸಿಕೊಂಡು ಹೊರಟುಹೋದಳು. ಸಾವು ಸೇರಿದ ಮೇಲೆ ದಾವೆಗೆ ತೂಕ ಬಂತು, ಕೋರ್ಟು ಒಪ್ಪಿಕೊಂಡಿತು. ಕಂಪನಿಯ ವಕೀಲರು ಆವತ್ತೇ ಮೊದಲ ಸಲ ನಮ್ಮ ಕಡೆ ತಿರುಗಿ ನೋಡಿದ್ದು.

ಊರು ಇದಕ್ಕೆ ಹೊಂದಿಕೊಂಡಿತು. ಜನ ಯಾವುದಕ್ಕೆ ತಾನೆ ಹೊಂದಿಕೊಳ್ಳುವುದಿಲ್ಲ. ಬೇರೆ ಸ್ಟವ್ ಕೊಳ್ಳುವ ಶಕ್ತಿ ಇಲ್ಲದ್ದರಿಂದ ಹಸಿರು ಸ್ಟವ್ವುಗಳು ಉರಿಯುತ್ತಲೇ ಇದ್ದವು. ಹೆಂಗಸರು ಕೆಮ್ಮುತ್ತಾ, ಕಣ್ಣು ಒರೆಸಿಕೊಳ್ಳುತ್ತಾ, ಬಯ್ಯಲು ಮಾತಿಲ್ಲದೆ ಅಡುಗೆ ಮಾಡುತ್ತಿದ್ದರು. ಬಯ್ಯದೆ ಅಡುಗೆ ಮಾಡುವುದು ಎಷ್ಟು ಕಷ್ಟ ಎಂದು ನನಗೆ ಆಗ ತಿಳಿಯಿತು, ಏಕೆಂದರೆ ಸಂಜೆ ನಾಲ್ಕು ಗಂಟೆಗೆ ಎಲ್ಲರೂ ನನ್ನ ಅಂಗಡಿಗೆ ಬರುತ್ತಿದ್ದರು. ಬಂದು ಸುಮ್ಮನೆ ಎದುರಿಗೆ ನಿಲ್ಲುವರು. ನಾನು ಅವರವರ ಪಾಲಿನದನ್ನು ಹೇಳಬೇಕು. "ನಿನ್ನೆ ಹುಳಿ ಪೂರ್ತಿ ಹೊಗೆ ವಾಸನೆ, ಮಾವನೋರು ತಟ್ಟೆ ತಳ್ಳಿ ಎದ್ದೋದ್ರು, ಈ ಸ್ಟವ್ ಮಾಡಿದೋನ ಕೈ ಮುರಿಯ." ಹೇಳಿದ ಕೂಡಲೇ ಅವರ ಹೆಗಲು ಇಳಿಯುತ್ತಿತ್ತು, ನಿಟ್ಟುಸಿರು ಬಿಟ್ಟು ಹೋಗುತ್ತಿದ್ದರು. ಕೆಲವರು ಚಕ್ಕುಲಿ, ಬಾಳೆಹಣ್ಣು ತಂದುಕೊಡುತ್ತಿದ್ದರು. ಒಬ್ಬಾಕೆ ಗಂಡನ ಮೇಲಿನ ಸಿಟ್ಟನ್ನೂ ಇದರಲ್ಲೇ ಸೇರಿಸಿ ಹೇಳಿಸಿಕೊಳ್ಳಲು ನೋಡಿದಳು, ಅದು ದಾವೆಯಲ್ಲಿ ಇಲ್ಲದ್ದರಿಂದ ನನ್ನ ಬಾಯಿಗೆ ಬರಲಿಲ್ಲ.

ಚೆನ್ನಾಜಮ್ಮ ಎಲ್ಲರೂ ಹೋದ ಮೇಲೆ ಬರುವಳು. ಬೋರಲು ಹಾಕಿದ ಸೀಮೆಎಣ್ಣೆ ಡಬ್ಬದ ಮೇಲೆ ಕೂರುವಳು. ನಾನು ಅವಳದನ್ನು ಮೊದಲಿಂದ ಕೊನೆಯವರೆಗೆ ಹೇಳುತ್ತಿದ್ದೆ. ಅವಳು ತುಟಿ ಅಲ್ಲಾಡಿಸುತ್ತಾ ಕೇಳುವಳು. ಎಲ್ಲಾದರೂ ಅವಸರ ಮಾಡಿದರೆ ಕೈ ಎತ್ತಿ ತಡೆಯುವಳು, ನಾನು ಹಿಂದಕ್ಕೆ ಹೋಗಿ ಮತ್ತೆ ಹೇಳುತ್ತಿದ್ದೆ. ಮೂರು ವರ್ಷ, ಭಾನುವಾರವೂ ಸೇರಿ. ನನ್ನ ಸ್ವಂತ ಮಕ್ಕಳ ಬಾಲ್ಯ ನನಗೆ ಅಷ್ಟು ಸ್ಪಷ್ಟವಾಗಿ ನೆನಪಿಲ್ಲ, ಇಂದ್ರಾಣಿಯ ಆ ಬೆಳಿಗ್ಗೆ ನೆನಪಿದೆ.

ವಕೀಲರನ್ನು ಬಿಟ್ಟರೆ, ಹಸಿರು ಸ್ಟವ್ ಇದ್ದವರಲ್ಲಿ ಬಟ್ಟೆಗೆ ಹೆಬ್ಬೆಟ್ಟು ಒತ್ತದವನು ಟೈಲರ್ ಮುನಿಶಾಮಿ ಒಬ್ಬ. ಹಸಿರು ಸ್ಟವ್ವಿನಿಂದ ಅವನ ಅಂಗಡಿ ಸುಟ್ಟು, ಮದುವೆಗೆ ಹೊಲಿಯಲು ಕೊಟ್ಟಿದ್ದ ಮೂವತ್ತು ರವಿಕೆ ಬೂದಿಯಾಗಿದ್ದವು. "ನನ್ನ ಬಾಯಿ ನಂದೇ ಕಣ್ರೀ, ಇನ್ನೊಬ್ಬನಿಗೆ ಯಾಕೆ ಕೊಡ್ಲಿ" ಎಂದು ಒಬ್ಬನೇ ದಾವೆ ಹೂಡಿದ. ಹನ್ನೊಂದು ಸಲ ವಾಯಿದೆ ಬಿತ್ತು. ಸ್ಟವ್ವಿನ ತಪ್ಪು ಸಾಬೀತು ಮಾಡಲು ಪಟ್ಟಣದಿಂದ ಎಂಜಿನಿಯರನ್ನು ಕರೆಸಬೇಕೆಂದರು, ಅದಕ್ಕೆ ಒಂದು ಹೊಲಿಗೆ ಯಂತ್ರ ಮಾರಿದ. ಎಂಜಿನಿಯರು ಬಂದ ದಿನ ಕಂಪನಿಯ ವಕೀಲರಿಗೆ ಜ್ವರ. ಮುಂದಿನ ವಾಯಿದೆಗೆ ಇನ್ನೊಂದು ಯಂತ್ರ. ಕೊನೆಗೆ ದಾವೆ ವಾಪಸು ಪಡೆದು ಮಗಳ ಊರಿಗೆ ಹೊರಟ. ಹೋಗುವ ಮುಂಚೆ ಅಂಗಡಿಗೆ ಬಂದು, "ನೀವೇ ಬುದ್ಧಿವಂತರು ಬಿಡಿ ಆಚಾರ್ರೆ. ನನ್ನ ಬಾಯಿ ನನ್ನ ಹತ್ರ ಉಳೀತು, ಕೇಳೋರೇ ಸಿಗಲಿಲ್ಲ" ಅಂದ. ಆವತ್ತು ನನಗೆ ನಾನು ಮಾಡಿದ್ದೆಲ್ಲ ಸರಿ ಎನಿಸಿತು. ಮುನಿಶಾಮಿ ಇನ್ನೊಂದು ವರ್ಷ ಇದ್ದಿದ್ದರೆ ಚೆನ್ನಾಗಿತ್ತು ಎಂದು ಈಗ ಅನಿಸುತ್ತದೆ, ಬಾಯಿ ಇದ್ದವನು ಒಬ್ಬನಾದರೂ ನಮ್ಮ ಕಡೆ ಇರುತ್ತಿದ್ದ.

ಮೂರನೆಯ ಬೇಸಿಗೆಯಲ್ಲಿ ಕಂಪನಿಯಿಂದ ರಾಜಿಯ ಪತ್ರ ಬಂತು. ತಿರುಮಲಯ್ಯನವರು ಅದನ್ನು ತಮ್ಮ ಮನೆಯ ಜಗಲಿಯಲ್ಲಿ ನನಗೆ ಓದಿ ಹೇಳಿದರು. ಹಸಿರು ಸ್ಟವ್ವುಗಳನ್ನೆಲ್ಲ ಕಂಪನಿ ವಾಪಸು ತೆಗೆದುಕೊಳ್ಳುತ್ತದೆ. ಬಟ್ಟೆಯ ಮೇಲೆ ಹೆಬ್ಬೆಟ್ಟು ಇರುವ ಪ್ರತಿಯೊಬ್ಬರಿಗೂ ಹಿತ್ತಾಳೆ ಟ್ಯಾಂಕಿನ ಹೊಸ ಸ್ಟವ್ ಕೊಡುತ್ತದೆ. ಕೋರ್ಟಿನ ಖರ್ಚು, ವಕೀಲರ ಫೀಸು ಕಂಪನಿಯದೇ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು: ಇದರಿಂದ ಕಂಪನಿಯು ಯಾವುದೇ ತಪ್ಪನ್ನು ಒಪ್ಪಿಕೊಂಡಿದೆ ಎಂದು ಭಾವಿಸತಕ್ಕದ್ದಲ್ಲ.

"ಚೆನ್ನಾಜಮ್ಮಂಗೆ?" ಅಂತ ಕೇಳಿದೆ.

"ಅವರಿಗೂ ಒಂದು ಸ್ಟವ್," ಎಂದು ಹೇಳಿ ಅವರು ಪತ್ರವನ್ನು ಮಡಿಸಿದರು.

"ಅವಳನ್ನ ಹೊರಗಿಟ್ಟು ಉಳಿದೋರದ್ದು ರಾಜಿ ಮಾಡಕ್ಕಾಗಲ್ವಾ ಸ್ವಾಮಿ?"

"ಒತ್ತಿದ ಹೆಬ್ಬೆಟ್ಟು ಬಟ್ಟೆಯಿಂದ ಎದ್ದು ಬರುತ್ತಾ ಆಚಾರ್ರೆ? ಒಬ್ಬರಿಗೆ ಒಂಥರಾ, ಇನ್ನೊಬ್ಬರಿಗೆ ಒಂಥರಾ ಅಂತ ಇದರಲ್ಲಿ ಇಲ್ಲ. ಬೇಡ ಅಂದ್ರೆ ತೀರ್ಪಿಗೆ ಕಾಯಬೇಕು. ಇನ್ನೂ ಐದಾರು ವರ್ಷ. ಗೆಲ್ತೀವಿ ಅಂತ ನಾನು ಮಾತು ಕೊಡಲ್ಲ. ಅಲ್ಲೀತನಕ ನಾನೂರು ಮನೇಲಿ ಆ ಸ್ಟವ್ ಉರೀತಿರುತ್ತೆ. ಆ ಬೆಸುಗೆ ನಿಲ್ಲಲ್ಲ ಅಂತ ಹೇಳಿದೋರು ನೀವೇ."

ಹೇಳಿದವನು ನಾನೇ. ಆ ಮೂರು ವರ್ಷದಲ್ಲಿ ನೂರಾ ಅರವತ್ತು ಸ್ಟವ್ವುಗಳಿಗೆ ಹೊಸ ಬೆಸುಗೆ ಹಾಕಿದ್ದೆ. ತೆಳು ತಗಡು ಬೆಸುಗೆಯನ್ನು ಹಿಡಿದಿಟ್ಟುಕೊಳ್ಳುವುದಿಲ್ಲ, ಆರು ತಿಂಗಳಿಗೆ ಅದೇ ಜಾಗ ಮತ್ತೆ ಬಿಡುತ್ತದೆ. ಯಾವ ಬೀದಿಯಲ್ಲಿ ಜನ ಗಡಿಬಿಡಿಯಿಂದ ಓಡಿದರೂ ನಾನು ಕೈಯ ಕೆಲಸ ಬಿಟ್ಟು ಬಾಗಿಲಿಗೆ ಬರುತ್ತಿದ್ದೆ. ಆ ಸ್ಟವ್ವುಗಳು ಊರು ಬಿಟ್ಟು ತೊಲಗಿದರೆ ಸಾಕು ಎಂದು ನಾನು ಮೂರು ವರ್ಷ ಬಯಸಿದ್ದೆ. ಈಗ ತೊಲಗುತ್ತವೆ ಎನ್ನುತ್ತಿದ್ದರು.

ಆ ಸಂಜೆ ಚೆನ್ನಾಜಮ್ಮ ಬಂದಾಗ ರಾಜಿಯ ಪತ್ರದಲ್ಲಿ ಇದ್ದದ್ದನ್ನೆಲ್ಲ ಹೇಳಿದೆ. ಕೊನೆಯ ಸಾಲನ್ನು ಹೇಳಬಾರದೆಂದಿದ್ದೆ, ಆದರೂ ಹೇಳಿದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ದಾವೆಯ ವಿಷಯದಲ್ಲಿ ಅವಳಿಗೆ ಮಾತಿಲ್ಲ. ಎದ್ದು ನನ್ನ ಸುಟ್ಟ ಕೈಯನ್ನು ಒಮ್ಮೆ ಗಟ್ಟಿಯಾಗಿ ಹಿಡಿದಳು. ನೋವಾಗುವಷ್ಟು. ಬಿಟ್ಟು ಹೋದಳು.

ರಾಜಿಗೆ ಮುಂಚೆ ಒಂದು ದಿನ ಕೋರ್ಟಿನಲ್ಲಿ ಎಲ್ಲರನ್ನೂ ಕೇಳುವ ಪದ್ಧತಿ ಇದೆ: ಒಪ್ಪಿಗೆ ಇಲ್ಲದವರು ಮುಂದೆ ಬಂದು ಹೇಳಬಹುದು, ಒಬ್ಬರು ಬೇಡವೆಂದರೂ ರಾಜಿ ನಿಲ್ಲುತ್ತದೆ. ಮಾತನ್ನೆಲ್ಲ ಬಾಯಾಳಿಗೆ ಕೊಟ್ಟುಬಿಟ್ಟವರು ಬಂದು ಏನು ಹೇಳಬೇಕು ಎಂದು ಈ ಪದ್ಧತಿ ಮಾಡಿದವರು ಯೋಚಿಸಿರಲಿಕ್ಕಿಲ್ಲ. ಅಥವಾ ಚೆನ್ನಾಗಿ ಯೋಚಿಸಿಯೇ ಮಾಡಿದರೋ. ಆವತ್ತು ಕೋರ್ಟಿನ ಒಳಗೆ ಹೊರಗೆ ಜನ. ಒಪ್ಪಿಗೆಯಾಗುತ್ತದೆ ಎಂದು ಕಂಪನಿಯವರಿಗೆ ಅದೆಷ್ಟು ಭರವಸೆಯೋ, ಹೊಸ ಸ್ಟವ್ವುಗಳನ್ನು ಲಾರಿಯಲ್ಲಿ ತಂದು ಆವರಣದಲ್ಲೇ ನಿಲ್ಲಿಸಿದ್ದರು. ಟಾರ್ಪಾಲು ಒಂದು ಕಡೆ ಸರಿದು ಹಿತ್ತಾಳೆ ಹೊಳೆಯುತ್ತಿತ್ತು. ಹೆಂಗಸರು ಕೂಸುಗಳನ್ನು ಸೊಂಟದಲ್ಲಿಟ್ಟುಕೊಂಡು ಕಿಟಕಿಯಿಂದ ಅದನ್ನೇ ನೋಡುತ್ತಿದ್ದರು.

"ಒಪ್ಪಿಗೆ ಇಲ್ಲದವರು ಯಾರಾದರೂ ಇದ್ದೀರಾ?" ಎಂದು ನ್ಯಾಯಾಧೀಶರು ಕೇಳಿದರು. ಚೆನ್ನಾಜಮ್ಮ ಎದ್ದಳು. ಆಸ್ಪತ್ರೆಯ ನೀಲಿ ಸೀರೆಯಲ್ಲೇ ಬಂದಿದ್ದಳು. ಮುಂದೆ ಹೋಗಿ ಕಟಕಟೆಯ ಹತ್ತಿರ ನಿಂತು ಬಾಯಿ ತೆರೆದಳು. ನ್ಯಾಯಾಧೀಶರು ಕಾದರು. ಒಳ್ಳೆಯವರು, ಬಹಳ ಹೊತ್ತು ಕಾದರು. ಅವಳ ಕತ್ತಿನ ನರಗಳು ಉಬ್ಬಿದವು, ಕಣ್ಣಲ್ಲಿ ನೀರು ಬಂತು, ಮಾತು ಬರಲಿಲ್ಲ.

"ಬಾಯಾಳು ಹೇಳಲಿ, ಇವರದು ಏನು?" ಎಂದರು ನನ್ನ ಕಡೆ ತಿರುಗಿ.

ಅವಳದು ನನ್ನ ನಾಲಗೆಯ ತುದಿಯಲ್ಲೇ ಇತ್ತು. ಮೂರು ವರ್ಷ ದಿನಾ ಹೇಳಿದ್ದು, ಒಂದು ಅಕ್ಷರ ತಪ್ಪುವ ಹಾಗಿರಲಿಲ್ಲ. ಅದನ್ನು ಹೇಳಿದ್ದರೆ ಸಾಕಿತ್ತು, ರಾಜಿ ನಿಲ್ಲುತ್ತಿತ್ತು. ಲಾರಿ ಬಂದ ದಾರಿಯಲ್ಲೇ ಹೋಗುತ್ತಿತ್ತು. ನಾನು ಹಿಂದಿರುಗಿ ನೋಡಿದೆ. ನಾನೂರು ಜನ ನನ್ನ ಬಾಯನ್ನೇ ನೋಡುತ್ತಿದ್ದರು. ಅವರ ಮನೆಗಳಲ್ಲಿ ಯಾರ ಸ್ಟವ್ವಿನ ಬೆಸುಗೆ ಎಷ್ಟು ಬಿಟ್ಟಿದೆ ಎಂದು ನನಗೆ ಗೊತ್ತಿತ್ತು. ಮೂರನೆಯ ಸಾಲಿನಲ್ಲಿ ನಿಂತಿದ್ದ ಹುಡುಗಿಯ ಸ್ಟವ್ ಇನ್ನು ಒಂದು ವಾರ ತಾಳುವ ಹಾಗಿರಲಿಲ್ಲ, ಅವಳ ಸೊಂಟದಲ್ಲಿ ಕೂಸಿತ್ತು. ಇದು ನಾನು ಕೊಡುವ ಕಾರಣ. ಇನ್ನೊಂದೂ ಇದೆ, ಅದನ್ನು ಮುಚ್ಚಿಡುವುದಿಲ್ಲ: ನನಗೆ ಸಾಕಾಗಿತ್ತು. ನಾನೂರ ಹನ್ನೆರಡು ಜನರ ಹೊಗೆಯನ್ನು ಬಾಯಲ್ಲಿಟ್ಟುಕೊಂಡು ಅನ್ನಕ್ಕೆ ರುಚಿಯೇ ಇರಲಿಲ್ಲ. ನನ್ನ ಬಾಯಿ ನನಗೆ ವಾಪಸು ಬೇಕಿತ್ತು.

"ಒಪ್ಪಿಗೆ ಇದೆ ಸ್ವಾಮಿ. ಎಲ್ಲರದ್ದೂ," ಅಂದೆ.

ಬಗ್ಗಿಸಿದ ಚೊಂಬಿನಂತೆ ನನ್ನ ಬಾಯಿ ಖಾಲಿಯಾಯಿತು. ಚೆನ್ನಾಜಮ್ಮ ಕಟಕಟೆಯ ಕಂಬಿಯನ್ನು ಹಿಡಿದುಕೊಂಡೇ ನಿಂತಿದ್ದಳು, ಗುಮಾಸ್ತ ಬಂದು ಅವಳ ಬೆರಳುಗಳನ್ನು ಬಿಡಿಸಬೇಕಾಯಿತು. ಹೊರಗೆ ಲಾರಿಯ ಟಾರ್ಪಾಲು ತೆಗೆದರು. ಜನ ಹೆಸರು ಕೂಗಿದಂತೆ ಬಂದು ಹಸಿರು ಸ್ಟವ್ ಕೊಟ್ಟು ಹೊಸದು ತೆಗೆದುಕೊಂಡರು. ಕೋರ್ಟಿನ ಚೀಟಿ ಅಂಟಿಸಿದ್ದ ಇಂದ್ರಾಣಿಯ ಒಡೆದ ಸ್ಟವ್ವೂ ಆ ರಾಶಿಗೆ ಬಿತ್ತು, ಅದರ ಮುಚ್ಚಳ ಇನ್ನೂ ಬಿಗಿಯಾಗಿಯೇ ಇತ್ತು. ಸಂಜೆಯ ಹೊತ್ತಿಗೆ ಲಾರಿ ಎಲ್ಲವನ್ನೂ ಹೊತ್ತುಕೊಂಡು ಹೋಯಿತು.

ಹೊಸ ಸ್ಟವ್ ಒಳ್ಳೆಯದು. ನಾನೇ ಬಿಚ್ಚಿ ನೋಡಿದ್ದೇನೆ. ಆಮೇಲೆ ನಮ್ಮೂರಲ್ಲಿ ಒಂದು ಸ್ಟವ್ವೂ ಸಿಡಿದಿಲ್ಲ, ಆ ಹುಡುಗಿಯ ಕೂಸು ಈಗ ಬಾಲವಾಡಿಗೆ ಹೋಗುತ್ತದೆ. ನನ್ನ ವ್ಯಾಪಾರ ಬಿದ್ದುಹೋಯಿತು, ಅದು ದೊಡ್ಡ ವಿಷಯವಲ್ಲ. ಚೆನ್ನಾಜಮ್ಮನ ಪಾಲಿನ ಸ್ಟವ್ವನ್ನು ಯಾರೋ ಅವಳ ಬಾಗಿಲಲ್ಲಿ ಇಟ್ಟುಬಂದರು. ಒಂದು ತಿಂಗಳು ಅದು ಅಲ್ಲೇ ಇತ್ತು. ಆಮೇಲೆ ಆಸ್ಪತ್ರೆಯವರು, ಹೇಗೂ ಸುಮ್ಮನೆ ಬಿದ್ದಿದೆಯಲ್ಲ ಎಂದು, ಬಾಣಂತಿಯರಿಗೆ ನೀರು ಕಾಯಿಸಲು ತರಿಸಿಕೊಂಡರು. ದಿನಾ ಬೆಳಿಗ್ಗೆ ಅದನ್ನು ಹಚ್ಚುವ ಕೆಲಸ ಆಯಾದು.

ಒಂದು ಸಲ ಅವಳನ್ನು ಇಲ್ಲಿಗೆ, ಈ ಟೀ ಅಂಗಡಿಗೆ ಕರೆತಂದೆ. ಸೇತುವೆ ದಾಟಿದರೆ ಮಾತು ಬರುತ್ತದೆ ಎಂದು ಆಗಷ್ಟೇ ನನಗೆ ಗೊತ್ತಾಗಿತ್ತು. ಅವಳು ಇದೇ ಬೆಂಚಿನ ಮೇಲೆ ಕೂತು, ಎದುರಿಗಿದ್ದ ಲಾರಿ ಡ್ರೈವರನಿಗೆ ಎಲ್ಲವನ್ನೂ ಹೇಳಿದಳು. ಅವನು ಟೀ ಲೋಟ ಕೈಯಲ್ಲೇ ಹಿಡಿದು ಕೇಳಿದ. "ಪಾಪ ಕಣಮ್ಮ. ಯಾವೂರು ನಿಮ್ದು?" ಅಂದ. ಆಮೇಲೆ ಹಾರ್ನ್ ಹೊಡೆದುಕೊಂಡು ಹೋದ. "ಇವ್ನಿಗೆ ಹೇಳಿ ಏನಾಗ್ಬೇಕು?" ಅಂದಳು ಚೆನ್ನಾಜಮ್ಮ. "ಅವಳನ್ನ ಕಂಡೋನಲ್ಲ, ಕೇಳ್ದೋನಲ್ಲ. ಅವಳ ಬಗ್ಗೆ ಕೆಟ್ಟದ್ದು ಆಡ್ದೋನೂ ಅಲ್ಲ." ಆಮೇಲೆ ಎಷ್ಟು ಕರೆದರೂ ಬರಲಿಲ್ಲ. ನಾನು ಕ್ಷಮಿಸು ಎಂದು ಕೇಳಲು ಈ ಕಡೆಗೇ ಬರಬೇಕು, ಅವಳು ಈ ಕಡೆಗೆ ಬರುವುದಿಲ್ಲ.

ಹೆಬ್ಬೆಟ್ಟು ಒತ್ತದವರ ಬಾಯಿಗೆ ಏನೂ ಆಗಿಲ್ಲ. ಹಸಿರು ಸ್ಟವ್ ಕೊಳ್ಳದವರು, ಸೌದೆ ಒಲೆಯವರು, ಗ್ಯಾಸಿನವರು. ಸ್ಟವ್ವಿನ ತಪ್ಪು ಅವರಿಗೆ ಗೊತ್ತಿಲ್ಲ, ಹುಡುಗಿಯ ಮದುವೆ ಮುರಿದದ್ದು ಗೊತ್ತು. ತಿಳಿದವರು ನಾನೂರ ಹನ್ನೆರಡು ಜನ ಸುಮ್ಮನಿದ್ದೇವೆ, ತಿಳಿಯದವರು ಆಡುತ್ತಾರೆ.

ಕಳೆದ ವಾರ ಚೆನ್ನಾಜಮ್ಮ ಆಸ್ಪತ್ರೆಯ ಸ್ಟವ್ವಿಗೆ ವಾಷರ್ ಹಾಕಿಸಲು ಅಂಗಡಿಗೆ ಬಂದಿದ್ದಳು. ಈಗ ನಾವು ಮಳೆ, ಬಿಸಿಲು, ಆಸ್ಪತ್ರೆಯ ಹೊಸ ಡಾಕ್ಟರಮ್ಮ ಇಷ್ಟನ್ನೇ ಮಾತಾಡುವುದು. ಅಷ್ಟರಲ್ಲಿ ಪಿನ್ನು ಕೊಳ್ಳಲು ಸುಮಿತ್ರೆ ಬಂದಳು. ಪೋಸ್ಟ್‌ಮ್ಯಾನನ ಹೆಂಡತಿ, ವರ್ಗವಾಗಿ ನಮ್ಮೂರಿಗೆ ಬಂದು ಎರಡು ತಿಂಗಳಾಗಿದೆ, ಚೆನ್ನಾಜಮ್ಮನ ಪಕ್ಕದ ಮನೆ. ಮೃದು ಸ್ವಭಾವದ ಹುಡುಗಿ. ಪಿನ್ನು ತೆಗೆದುಕೊಂಡ ಮೇಲೂ ಹೋಗದೆ ನಿಂತಳು.

"ಅಮ್ಮ, ಒಂದು ಮಾತು ಕೇಳ್ಲಾ, ಬೇಜಾರು ಮಾಡ್ಕೋಬೇಡಿ. ನಲ್ಲಿ ಹತ್ರ ಏನೇನೋ ಅಂತಾರೆ. ನಂಗೆ ನಂಬಿಕೆ ಬರ್ಲಿಲ್ಲ, ಹಂಗೆಲ್ಲ ಆಡ್ಬೇಡಿ ಅಂತ ಜಗಳಾನೂ ಆಡ್ದೆ. ನಿಮ್ಮ ಮಗಳು ತಾನಾಗೇ ಬೆಂಕಿ ಹಚ್ಕೊಂಡಿದ್ದು ಅಲ್ಲ ತಾನೆ? ಅಲ್ಲ ಅಂತ ನೀವೊಂದು ಮಾತು ಹೇಳಿ ಸಾಕು."

ಚೆನ್ನಾಜಮ್ಮ ಬಾಯಿ ತೆರೆದಳು. ಆಮೇಲೆ ನನ್ನ ಕಡೆ ತಿರುಗಿದಳು. ಮೂರು ವರ್ಷ ತಿರುಗಿದ ಅಭ್ಯಾಸ. ನಾನೂ ಬಾಯಿ ತೆರೆದೆ. ತಲೆಯಾಡಿಸಲು ನೋಡಿದೆ, ಕತ್ತು ಕಲ್ಲಾಯಿತು. ಸುಮಿತ್ರೆ ಚೆನ್ನಾಜಮ್ಮನ ಮುಖ ನೋಡಿದಳು, ನನ್ನ ಮುಖ ನೋಡಿದಳು, ಕಣ್ಣು ತುಂಬಿಕೊಂಡಳು.

"ತಪ್ಪಾಯ್ತಮ್ಮ, ನಾನು ಕೇಳ್ಬಾರದಿತ್ತು," ಎಂದು ಚೆನ್ನಾಜಮ್ಮನ ಎರಡೂ ಕೈ ಹಿಡಿದುಕೊಂಡಳು. "ಯಾಕಂಗೆ ಮಾಡ್ಕೊಂಡ್ಲೋ ಪಾಪ, ಇನ್ನೂ ಚಿಕ್ಕೋಳು."

ಸುಮಿತ್ರೆ ಕೆಟ್ಟವಳಲ್ಲ. ಅವತ್ತಿನಿಂದ ಚೆನ್ನಾಜಮ್ಮನ ಮನೆಗೆ ದಿನಾ ಸಾರು ಕೊಟ್ಟು ಬರುತ್ತಾಳೆ. ನಲ್ಲಿಯ ಹತ್ತಿರ ಯಾರಾದರೂ ಆಡಿಕೊಂಡರೆ ಈಗಲೂ ಅವಳೇ ತಡೆಯುತ್ತಾಳಂತೆ. "ಬಿಡ್ರಮ್ಮ ಸಾಕು, ಸತ್ತೋಳ ಮಾತು ಯಾಕೆ," ಅನ್ನುತ್ತಾಳಂತೆ. "ಹೆತ್ತೋಳೇ ಅಲ್ಲ ಅನ್ಲಿಲ್ಲ."